ಹಳೆಯ ಅಚ್ಚಿನ ಮೇಲೆ 42798 ಅಂತಿತ್ತು: ನನ್ನ ಅನುಭವ

ಬಂದೂಕಿನ ಸೀಸದ ಗುಂಡು ಹೊಯ್ಯುವ ಈ ಅಚ್ಚು ನನ್ನ ಕೈಗೆ ಬಂದಾಗ ಅದರ ಜೊತೆ ಪೆಟ್ಟಿಗೆ ಇರಲಿಲ್ಲ, ಕಾಗದ ಇರಲಿಲ್ಲ. ಮಾರಿದವರಿಗೂ ಅದು ಯಾವ ಗುಂಡಿನದು ಅಂತ ಗೊತ್ತಿರಲಿಲ್ಲ. ಕಬ್ಬಿಣದ ಎರಡು ಹೋಳು, ಮೇಲೆ ತಿರುಗುವ ಸ್ಪ್ರೂ ಪ್ಲೇಟು (ಸೀಸ ಹೊಯ್ಯುವ ತೂತಿರುವ ತಗಡು), ಕಂದು ಬಣ್ಣಕ್ಕೆ ತಿರುಗಿದ ತುಕ್ಕು, ಅಷ್ಟೇ. ಎಣ್ಣೆ ಹಾಕಿ ಬಟ್ಟೆಯಲ್ಲಿ ಉಜ್ಜಿದ ಮೇಲೆ ಎರಡೂ ಹೋಳಿನ ಮೇಲೆ ಒಂದೇ ಮೂರಂಕಿಯ ಸಂಖ್ಯೆ ಕಾಣಿಸಿತು. ಅದೇ ಗುಂಡಿನ ನಂಬರ್ ಅಂದುಕೊಂಡು ಎರಡು ದಿನ ಹುಡುಕಿದೆ. ಅದು ಗುಂಡಿನ ನಂಬರ್ ಅಲ್ಲ. ಈ ಹೋಳಿಗೆ ಆ ಹೋಳೇ ಜೋಡಿ ಅಂತ ಕಾರ್ಖಾನೆಯಲ್ಲಿ ಹಾಕಿದ ಗುರುತು. ಅದೂ ಉಪಯೋಗದ್ದೇ, ಯಾಕಂದ್ರೆ ಎರಡು ಕಡೆ ಬೇರೆ ಬೇರೆ ಸಂಖ್ಯೆ ಇದ್ದರೆ ಯಾರೋ ಎರಡು ಅಚ್ಚುಗಳ ಹೋಳು ಸೇರಿಸಿ ಮಾರಿದ್ದಾರೆ ಅಂತ ಅರ್ಥ, ಅಂಥದ್ದನ್ನು ತಗೋಬಾರದು.

ನಿಜವಾದ ನಂಬರ್ ಪಕ್ಕದಲ್ಲಿ, ತುಕ್ಕಿನ ಕೆಳಗೆ ಇತ್ತು. 42798.

ಅಚ್ಚುಗಳ ಹಳೆಯ ಪಟ್ಟಿಗಳಲ್ಲೂ ಇದು ಮೊದಲು ಸಿಗಲಿಲ್ಲ, ಯಾಕಂದ್ರೆ ನಾನು ನೋಡುತ್ತಿದ್ದ ಪಟ್ಟಿಯಲ್ಲಿ ಎಲ್ಲವೂ ಆರಂಕಿ. ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಇಂಥ ಅಚ್ಚುಗಳನ್ನು ಮಾಡುತ್ತಿದ್ದ ಐಡಿಯಲ್ ಅನ್ನೋ ಕಂಪನಿಯನ್ನು ಜಾನ್ ಬಾರ್ಲೋ ಅಮೆರಿಕದ ಕನೆಕ್ಟಿಕಟ್‌ನಲ್ಲಿ 1884ರಲ್ಲಿ ಶುರು ಮಾಡಿದರು, 1925ರಲ್ಲಿ ಅದು ಲೈಮನ್ ಕಂಪನಿಯ ಕೈ ಸೇರಿತು. ಇವರ ನಂಬರ್ ಓದುವ ಕ್ರಮ ಸರಳ. ಮೊದಲ ಮೂರು ಅಂಕಿ ಗುಂಡಿನ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ. ಉಳಿದದ್ದು ಆ ವಿನ್ಯಾಸದ ಸಂಖ್ಯೆ. 429421 ಅಂದ್ರೆ 0.429 ಇಂಚು, 421ನೇ ವಿನ್ಯಾಸ, ಅಮೆರಿಕದ ಬಂದೂಕು ಬರಹಗಾರ ಎಲ್ಮರ್ ಕೀತ್ ರೂಪಿಸಿದ ಹೆಸರಾಂತ ಗುಂಡು. ವಿನ್ಯಾಸದ ಸಂಖ್ಯೆ ನೂರಕ್ಕಿಂತ ಕಡಿಮೆ ಇದ್ದಾಗ ಹಳೆಯ ಅಚ್ಚಿನ ಮೇಲೆ ಐದೇ ಅಂಕಿ ಇರುತ್ತಿತ್ತು, ಆಮೇಲೆ ನಡುವೆ ಒಂದು ಸೊನ್ನೆ ಸೇರಿಸಿದರು. ಹಾಗಾಗಿ 31141 ಅಂತ ಇದ್ದದ್ದು 311041 ಆಯಿತು. ನನ್ನ 42798 ಪಟ್ಟಿಯಲ್ಲಿ 427098 ಆಗಿ ಕೂತಿತ್ತು. 44-40 ವಿಂಚೆಸ್ಟರ್ ಅನ್ನೋ ಹಳೆಯ ತೋಟೆಗೆ ಮಾಡಿದ, ಮೂಗು ಚಪ್ಪಟೆ ಇರುವ, 205 ಗ್ರೇನ್ (ಒಂದು ಗ್ರೇನ್ ಅಂದ್ರೆ ಸುಮಾರು 0.065 ಗ್ರಾಂ) ಗುಂಡು. ನನ್ನ ಹತ್ತಿರ ಲೈಸೆನ್ಸ್ ಇರುವ 44-40 ರೈಫಲ್ ಇದ್ದದ್ದರಿಂದ ಆ ದಿನ ಆದ ಖುಷಿ ಹೇಳತೀರದು.

ಆದರೆ ಅಚ್ಚಿನ ಮೇಲಿನ ನಂಬರ್ ಒಂದು ಮಾತು, ಅದರಿಂದ ಬೀಳುವ ಗುಂಡು ಇನ್ನೊಂದು ಮಾತು. ಇದನ್ನು ನಾನು ಒಂದೊಂದೇ ಹೆಜ್ಜೆಯಾಗಿ ಕಲಿತೆ.

ಮೊದಲು ತುಕ್ಕು. ಉಕ್ಕಿನ ಬ್ರಷ್ ಮುಟ್ಟಲೇಬೇಡಿ. ಗುಂಡಿನ ಗುಳಿಯಲ್ಲಿ ಬೀಳುವ ಒಂದು ಗೀರು ಮುಂದೆ ಹೊಯ್ಯುವ ಪ್ರತಿ ಗುಂಡಿನ ಮೇಲೂ ಬರುತ್ತದೆ, ಗುಂಡು ಅಚ್ಚಿಗೇ ಕಚ್ಚಿಕೊಳ್ಳುತ್ತದೆ. ನಾನು ತುಕ್ಕು ಸಡಿಲಿಸುವ ಎಣ್ಣೆಯಲ್ಲಿ ಎರಡು ರಾತ್ರಿ ನೆನೆಸಿಟ್ಟೆ, ಚೂಪು ಮಾಡಿದ ಮರದ ಕಡ್ಡಿಯಿಂದ ಗುಳಿಯ ಗೆರೆಗಳಲ್ಲಿ ಕೂತಿದ್ದ ತುಕ್ಕು ಬಿಡಿಸಿದೆ, ಆಮೇಲೆ ಹಳೆಯ ಟೂತ್‌ಬ್ರಷ್ ಮತ್ತು ಅಸಿಟೋನ್. ಎಣ್ಣೆಯ ಅಂಶ ಒಂಚೂರು ಉಳಿದರೂ ಗುಂಡು ಸುಕ್ಕುಸುಕ್ಕಾಗಿ ಬೀಳುತ್ತದೆ. ಎರಡು ಹೋಳು ಮುಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಸಂದಿನಲ್ಲಿ ಬೆಳಕು ಬರಲಿಲ್ಲ. ಅಚ್ಚು ಬದುಕಿದೆ ಅಂತ ಧೈರ್ಯ ಬಂದದ್ದು ಆಗಲೇ.

ಸೀಸದ ಕೆಲಸಕ್ಕೆ ನನ್ನದೊಂದು ಕಟ್ಟುನಿಟ್ಟಿದೆ. ಗಾಳಿ ಆಡುವ ಹೊರಗಿನ ಜಾಗ, ಕಣ್ಣಿಗೆ ಕನ್ನಡಕ, ದಪ್ಪ ಕೈಗವಸು, ಮಕ್ಕಳು ಹತ್ತಿರ ಸುಳಿಯಬಾರದು, ಕೆಲಸ ಮುಗಿದು ಕೈ ತೊಳೆಯುವ ತನಕ ಬಾಯಿಗೆ ಏನೂ ಹೋಗಬಾರದು. ಮೇಲೆ ತೇಲುವ ಕಿಟ್ಟದ ಪುಡಿ ತುಂಬಾ ಕೆಟ್ಟದ್ದು, ಕೈಗೆ ಅಂಟಿ ಬಾಯಿಗೆ ಹೋಗುವುದು ಅದೇ. ಇನ್ನು ಕರಗಿದ ಸೀಸದೊಳಗೆ ಒಂದು ಹನಿ ನೀರು ಹೋದರೆ ಅದು ತಕ್ಷಣ ಉಗಿಯಾಗಿ ಸೀಸವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಹಸಿ ತುಂಡನ್ನು, ಬೆವರಿದ ಕೈಯನ್ನು ಪಾತ್ರೆಯ ಹತ್ತಿರ ತರಬೇಡಿ.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಾನು 380ರ ಸುತ್ತಮುತ್ತ ಇಟ್ಟುಕೊಂಡು, 20 ಪಾಲು ಸೀಸಕ್ಕೆ ಒಂದು ಪಾಲು ತವರ ಸೇರಿಸಿ ಹೊಯ್ದೆ. ಅಚ್ಚು ಬಿಸಿಯಾಗುವ ತನಕ ಬಿದ್ದ ಗುಂಡುಗಳೆಲ್ಲ ಸುಕ್ಕು, ಅವನ್ನು ಮತ್ತೆ ಪಾತ್ರೆಗೇ ಹಾಕಿದೆ. ಆಮೇಲೆ ಅಂಚು ಚೂಪಾಗಿ, ಮೈ ಹೊಳೆಯುವಂತೆ ಬಿದ್ದವು. ಮೈ ಮಂಜು ಕವಿದ ಹಾಗೆ ಬೆಳ್ಳಗಾದರೆ ಬಿಸಿ ಜಾಸ್ತಿ ಆಗಿದೆ ಅಂತ, ಆಗ ಸ್ವಲ್ಪ ಹೊತ್ತು ನಿಲ್ಲಿಸಿ.

ಹತ್ತು ಗುಂಡು ಆರಿಸಿ ತೂಗಿದೆ. ಸುಮಾರು 207 ಗ್ರೇನ್. ಪಟ್ಟಿಯ 205ಕ್ಕಿಂತ ಜಾಸ್ತಿ ಬಂದದ್ದಕ್ಕೆ ಗಾಬರಿ ಬೇಡ, ಲೋಹ ಮೆದುವಾದಷ್ಟೂ, ಸೀಸದ ಪಾಲು ಜಾಸ್ತಿಯಾದಷ್ಟೂ ಗುಂಡು ಭಾರ. ಮೈಕ್ರೋಮೀಟರ್ ಹೇಳಿದ್ದೇ ಬೇರೆ ಕಥೆ. ದಪ್ಪ 10.84 ಮಿಲಿಮೀಟರ್, ಅಂದ್ರೆ 0.427 ಇಂಚಿನ ಆಸುಪಾಸು. ಅಚ್ಚು ತನ್ನ ನಂಬರ್‌ಗೆ ನಿಷ್ಠೆಯಿಂದಲೇ ಇತ್ತು. ಆದರೆ ನನ್ನ ನಳಿಗೆ? ಬಂದೂಕು ಖಾಲಿ ಇದೆ ಅಂತ ಎರಡೆರಡು ಸಲ ನೋಡಿ, ಎಣ್ಣೆ ಸವರಿದ ಮೆದು ಸೀಸದ ಉಂಡೆಯೊಂದನ್ನು ನಳಿಗೆಯಲ್ಲಿ ಮೆಲ್ಲಗೆ ತಟ್ಟಿ ಆಚೆ ತಂದು ಅಳೆದೆ. 10.90 ಬಂತು, ಅಂದ್ರೆ ಸುಮಾರು 0.429 ಇಂಚು. ಹಳೆಯ 44-40 ನಳಿಗೆಗಳು 0.427ರ ಸುತ್ತ ಇರುತ್ತಿದ್ದವು, ಈಗಿನವು ಬಹಳಷ್ಟು 0.429. ಗುಂಡು ನಳಿಗೆಗಿಂತ ಇಂಚಿನ ಸಾವಿರದ ಒಂದೆರಡು ಭಾಗ ದಪ್ಪ ಇರಬೇಕು. ನನ್ನ ಗುಂಡು ನಳಿಗೆಗಿಂತ ಅಷ್ಟೇ ತೆಳ್ಳಗಿತ್ತು. ಹಾರಿಸಿ ನೋಡಿದೆ, ಗುರಿಯಲ್ಲಿ ಒಂದೊಂದು ಒಂದೊಂದು ಕಡೆ, ನಳಿಗೆಯೊಳಗೆ ಸೀಸ ಬಳಿದುಕೊಂಡಿತ್ತು. ಅದನ್ನು ಕೆರೆದು ತೆಗೆಯಲು ಒಂದು ಮಧ್ಯಾಹ್ನವೇ ಹೋಯಿತು.

ಲೋಹ ಬದಲಿಸಿ ನೋಡಿದೆ. ಆಂಟಿಮನಿ ಇರುವ ಮಿಶ್ರಣ ತಣ್ಣಗಾಗುವಾಗ ಕಡಿಮೆ ಕುಗ್ಗುತ್ತದೆ, ಅದರಲ್ಲಿ 10.87 ಬಂತು, ಆದರೂ ಸಾಲದು. ಮೇಲಾಗಿ ನನಗೆ ಮೆದು ಗುಂಡೇ ಬೇಕಿತ್ತು, ಯಾಕಂದ್ರೆ ಈ ಗುಂಡನ್ನು ನಾನು ಕರಿಮದ್ದಿನ (ಹಳೆಯ ಕಾಲದ ಹೊಗೆ ಬರುವ ಕಪ್ಪು ಮದ್ದು) ಜೊತೆ ಮಾತ್ರ ಬಳಸುತ್ತೇನೆ. ಕಾರಣ ಗುಂಡಿನ ಮೈಮೇಲೇ ಇದೆ. ಇದಕ್ಕೆ ತೋಟೆಯ ಬಾಯಿ ಮಡಚಿ ಹಿಡಿದುಕೊಳ್ಳುವ ಗೆರೆಯೇ ಇಲ್ಲ. ಕರಿಮದ್ದಿನ ಕಾಲದಲ್ಲಿ ತೋಟೆ ತುಂಬಾ ಮದ್ದು ಇರುತ್ತಿತ್ತು, ಗುಂಡು ಅದರ ಮೇಲೆ ಕೂರುತ್ತಿತ್ತು, ಒಳಗೆ ಸರಿಯಲು ಜಾಗವೇ ಇರಲಿಲ್ಲ. ಈಗಿನ ಹೊಗೆರಹಿತ ಮದ್ದು ತೋಟೆಯೊಳಗೆ ಸ್ವಲ್ಪವೇ ಜಾಗ ಹಿಡಿಯುತ್ತದೆ. ಕೊಳವೆಯಂಥ ಮ್ಯಾಗಜೀನ್‌ನಲ್ಲಿ ಸ್ಪ್ರಿಂಗ್ ಒತ್ತುತ್ತದೆ, ಹಾರಿಸಿದಾಗ ಹಿಂದಕ್ಕೆ ಒದೆಯುತ್ತದೆ, ಗುಂಡು ಒಳಗೆ ಸರಿದರೆ ಒತ್ತಡ ಏರಿ ಅಪಾಯ. ಹಳೆಯ ಅಚ್ಚು ಸಿಕ್ಕಾಗ ಎಲ್ಲರೂ ದಪ್ಪ, ತೂಕ ನೋಡುತ್ತಾರೆ. ಗೆರೆಗಳನ್ನೂ ನೋಡಿ ದಯವಿಟ್ಟು, ಆ ಗುಂಡು ಯಾವ ಮದ್ದಿಗೆ ಹುಟ್ಟಿದ್ದು ಅಂತ ಅವೇ ಹೇಳುತ್ತವೆ.

ಮುಂದೆ ಅಚ್ಚಿನ ಹೋಳುಗಳ ನಡುವೆ, ಗುಳಿಗೆ ತಾಗದಂತೆ ತೆಳು ಅಲ್ಯೂಮಿನಿಯಂ ಟೇಪ್ ಅಂಟಿಸಿ ಹೊಯ್ದೆ. ಒಂದು ಅಡ್ಡಕ್ಕೆ 10.93 ಬಂತು, ಇನ್ನೊಂದು ಅಡ್ಡಕ್ಕೆ ಹಳೆಯ ಅಳತೆಯೇ. ಗುಂಡು ದುಂಡಗೆ ಇರಲಿಲ್ಲ. ಇದರಲ್ಲಿ ತೃಪ್ತಿಪಡುವವರೂ ಇದ್ದಾರೆ, ನನಗೆ ಆಗಲಿಲ್ಲ. ಟೇಪ್ ಕಿತ್ತೆ.

ಕೊನೆಗೆ ಗುಳಿಯನ್ನೇ ಉಜ್ಜಿ ದೊಡ್ಡದು ಮಾಡುವ ತೀರ್ಮಾನಕ್ಕೆ ಬಂದೆ. ಒಮ್ಮೆ ಉಜ್ಜಿದರೆ ವಾಪಸ್ ಇಲ್ಲ, ಅದಕ್ಕೇ ಒಂದು ವಾರ ಯೋಚಿಸಿದೆ. ಅಪರೂಪದ, ಮಾಸದ ಅಚ್ಚಾಗಿದ್ದರೆ ಮುಟ್ಟುತ್ತಿರಲಿಲ್ಲ, ಹಾಗೇ ಬಿಟ್ಟು ನಳಿಗೆಗೆ ಹೊಂದುವ ಬೇರೆ ಅಚ್ಚು ಹುಡುಕುತ್ತಿದ್ದೆ. ಇದು ಆಗಲೇ ತುಕ್ಕು ತಿಂದಿತ್ತು. ಒಂದು ಗುಂಡಿನ ತಳಕ್ಕೆ ತೂತು ಕೊರೆದು ಸ್ಕ್ರೂ ಕೂರಿಸಿದೆ, ವಾಲ್ವ್ ಉಜ್ಜುವ ನುಣ್ಣನೆಯ ಪೇಸ್ಟ್ ಸವರಿ ಅಚ್ಚಿನೊಳಗಿಟ್ಟು, ಹಿಡಿ ಮೆಲ್ಲಗೆ ಒತ್ತಿ ಕೈಯಿಂದಲೇ ತಿರುಗಿಸಿದೆ. ಡ್ರಿಲ್ ಬಳಸಬೇಡಿ, ಗೆರೆಗಳ ಅಂಚು ಸವೆದುಹೋಗುತ್ತದೆ. ಐವತ್ತು ಸುತ್ತು, ತೊಳೆಯೋದು, ಹೊಯ್ಯೋದು, ಅಳೆಯೋದು. ಉಜ್ಜುವ ಗುಂಡೂ ಸವೆಯುವುದರಿಂದ ಪ್ರತಿ ಸಲ ಹೊಸದು ಮಾಡಿಕೊಂಡೆ. ಮೂರು ಭಾನುವಾರ ಹಿಡಿಯಿತು. 10.92ಕ್ಕೆ ನಿಲ್ಲಿಸಿದೆ, ತೂಕ 210 ಗ್ರೇನ್ ಆಗಿತ್ತು.

ಆ ಗುಂಡುಗಳ ಗೆರೆಗೆ ಜೇನುಮೇಣ ಮತ್ತು ಕೊಬ್ಬು ಬೆರೆಸಿದ ಮೆದು ಲೇಪ ತುಂಬಿ, ಮೂವತ್ತು ಹಾರಿಸಿ, ನಳಿಗೆ ಒರೆಸಿ ಬೆಳಕಿಗೆ ಹಿಡಿದೆ. ಬಟ್ಟೆಯಲ್ಲಿ ಕರಿಮದ್ದಿನ ಮಸಿ ಇತ್ತು, ಸೀಸ ಇರಲಿಲ್ಲ.