ಎರಡು ಗಂಟಿನ ದಾರ: ಸುಟ್ಟಗಾಯದ ವಾರ್ಡಿನಲ್ಲಿ ನನ್ನ ಅನುಭವ

ಮಕ್ಕಳ ಕೈ ಎಷ್ಟು ಎತ್ತರಕ್ಕೆ ಎಟಕುತ್ತದೆಂದು ನಾನು ದಾರ ಹಿಡಿದು ಅಳೆಯತೊಡಗಿದಾಗ, “ಸಿಸ್ಟರ್, ದರ್ಜಿ ಕೆಲಸ ಯಾವಾಗಿನಿಂದ?” ಎಂದು ವೈದ್ಯರೊಬ್ಬರು ಎಲ್ಲರೆದುರು ನಗೆಯಾಡಿದ್ದರು. ಈಗ ಬಿಡುಗಡೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ಅವರೇ “ದಾರ ಕೊಟ್ಟಿರಾ?” ಎಂದು ವಿಚಾರಿಸುತ್ತಾರೆ.

ಐದು ವರ್ಷದೊಳಗಿನ ಮಕ್ಕಳನ್ನು ಬೆಂಕಿಗಿಂತ ಬಿಸಿ ದ್ರವವೇ ಹೆಚ್ಚಾಗಿ ಸುಡುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ನನ್ನನ್ನು ಕಾಡಿದ್ದು ಬೇರೆ ಸಂಗತಿ. ಅಪಾಯವನ್ನು ಚೆನ್ನಾಗಿ ಬಲ್ಲ ಮನೆಗಳಿಂದಲೇ ಮಕ್ಕಳು ಬರುತ್ತಿದ್ದರು. ವರ್ಷಕ್ಕೆ ನಾಲ್ಕೈದು ಮನೆಗಳಿಂದ ಎರಡನೆಯ ಮಗುವೂ ಬರುತ್ತಿತ್ತು.

ಮೊದಲು ಭಿತ್ತಿಪತ್ರ ಮಾಡಿಸಿದೆವು. ದೊರೆತ ಅಲ್ಪ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮುದ್ರಣಕ್ಕೇ ಹೋಯಿತು, ಕಟ್ಟುಗಳು ಡ್ರೆಸ್ಸಿಂಗ್ ಕೋಣೆಯ ಕಪಾಟಿನ ಮೇಲೆ ಧೂಳು ಹಿಡಿದವು. ಬಳಿಕ ಸುಮಾರು ನಲವತ್ತು ಪ್ರಶ್ನೆಗಳ ನಮೂನೆಯೊಂದನ್ನು ಸಿದ್ಧಪಡಿಸಿದೆ. ತಾಯಂದಿರು ಎಲ್ಲಕ್ಕೂ ಸರಿಯುತ್ತರವನ್ನೇ ಕೊಟ್ಟರು, ಏಕೆಂದರೆ ಗಾಯಗೊಂಡ ಮಗುವಿನ ಪಕ್ಕದಲ್ಲಿ ಕುಳಿತವರಿಗೆ ನನ್ನ ಒಂದೊಂದು ಪ್ರಶ್ನೆಯೂ ವಿಚಾರಣೆಯಂತೆಯೇ ಕೇಳುತ್ತಿತ್ತು.

ದಾರಕ್ಕೆ ಖರ್ಚೇ ಇಲ್ಲ. ಮಗುವನ್ನು ನಿಲ್ಲಿಸಿ, ತಲೆಯ ಮೇಲೆ ಆಟಿಕೆ ಹಿಡಿದು, ಅದು ಕೈ ಚಾಚಿದಾಗ ನೆಲದಿಂದ ಬೆರಳ ತುದಿಯವರೆಗಿನ ಎತ್ತರಕ್ಕೆ ಗಂಟು ಹಾಕಿ, ದಾರವನ್ನು ತಾಯಿಯ ಕೈಗೆ ಕೊಡುವುದು. ಮನೆಯಲ್ಲಿ ಆ ಗಂಟಿನ ಕೆಳಗೆ ಬಿಸಿಯಾದದ್ದು ಏನೇನಿದೆ ಎಂದು ಆಕೆಯೇ ನೋಡಿಕೊಂಡು ಬರುವುದು. ಒಂದೂವರೆ ವರ್ಷದ ಮಗುವಿನ ಗಂಟು ಸಾಮಾನ್ಯವಾಗಿ 90 ಸೆಂಟಿಮೀಟರ್ ಆಸುಪಾಸಿನಲ್ಲಿ ಬೀಳುತ್ತದೆ, ಅಂದರೆ ಅಡುಗೆ ಕಟ್ಟೆಯ ಅಂಚಿಗೆ ಸರಿಯಾಗಿ. ಮಗು ಸೊಂಟದೆತ್ತರವೂ ಇಲ್ಲವೆಂದು ನಂಬಿದ್ದ ತಾಯಂದಿರು ಗಂಟನ್ನು ಕಂಡು ಮಾತು ನಿಲ್ಲಿಸಿಬಿಡುತ್ತಿದ್ದರು.

ಆದರೂ ಮೊದಲ ಕೆಲವು ತಿಂಗಳು ನಾನು ಸೋತೆ. ದಾರ ಒಯ್ದ ಮನೆಯಿಂದಲೇ ಒಂದು ಮಗುವಿನ ತಂಗಿ ಬಂದಳು. ಕೆಟಲ್ ಗಂಟಿಗಿಂತ ಬಹಳ ಮೇಲಿತ್ತು, ಅದರ ತಂತಿ ಮಾತ್ರ ಕೆಳಗೆ ಜೋತಾಡುತ್ತಿತ್ತು. ಗದ್ದದ ಕೆಳಗೆ, ಎದೆ, ಒಂದು ಭುಜ: ಮೇಲಿನಿಂದ ಎಳೆದುಕೊಂಡ ಗಾಯದ ಅದೇ ನಕ್ಷೆ. ಸ್ವೆಟರ್ ತೆಗೆಯುವುದು ತಡವಾದ್ದರಿಂದ ಉಣ್ಣೆ ಬಿಸಿಯನ್ನು ಹಿಡಿದಿಟ್ಟುಕೊಂಡು, ಮುಖಕ್ಕಿಂತ ಎದೆಯ ಗಾಯವೇ ಆಳವಾಗಿತ್ತು. ತಂತಿ, ಮೇಜಿನ ಬಟ್ಟೆ, ಹೊರಕ್ಕೆ ಚಾಚಿದ ಹಿಡಿಕೆ ಇವೆಲ್ಲ ಮಗುವಿನ ಕೈಯನ್ನು ಉದ್ದವಾಗಿಸುತ್ತವೆ ಎಂಬುದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಅಂದಿನಿಂದ ತುದಿಗಾಲಿನಲ್ಲಿ ನಿಲ್ಲಿಸಿಯೇ ಅಳೆಯುತ್ತೇನೆ. ಮಗು ಹತ್ತಬಲ್ಲ ಸ್ಟೂಲಿನ ಎತ್ತರ ಸೇರಿಸಿ ಎರಡನೆಯ ಗಂಟು ಹಾಕುತ್ತೇನೆ.

ಈ ನಡುವೆ ಸ್ವಂತ ಹಣದಲ್ಲಿ ಎರಡು ಥರ್ಮಾಮೀಟರ್ ಕೊಂಡೆ, ಮೊದಲನೆಯದನ್ನು ಕುದಿಯುವ ಪಾತ್ರೆಯೊಳಕ್ಕೆ ಬೀಳಿಸಿದ್ದರಿಂದ. ದೊಡ್ಡವರು ಮರೆತು ಇಟ್ಟ ಚಹಾ ಹತ್ತು ನಿಮಿಷದ ನಂತರವೂ 60 ಡಿಗ್ರಿಯ ಸಮೀಪದಲ್ಲಿತ್ತು. ಆ ಬಿಸಿಯ ನೀರು ವಯಸ್ಕರ ಚರ್ಮವನ್ನೇ ಸುಮಾರು ಐದು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಮಗುವಿನ ತೆಳು ಚರ್ಮಕ್ಕೆ ಅಷ್ಟು ಹೊತ್ತೂ ಬೇಡ. ಅಂದಿನಿಂದ ಒಲೆಯ ಬಗ್ಗೆ ಹೇಳುವಷ್ಟೇ ಒತ್ತಿ ಲೋಟದ ಬಗ್ಗೆಯೂ ಹೇಳುತ್ತೇನೆ.

ದಾರದಿಂದ ಮಾತು ಶುರುವಾದ ಮೇಲೆ ನಮೂನೆಗೆ ಸಿಗದಿದ್ದ ಉತ್ತರಗಳು ತಾವಾಗಿ ಬಂದವು. ಅವಘಡ ಹೆಚ್ಚಾಗಿ ಊಟಕ್ಕೆ ಮುಂಚಿನ ಗಂಟೆಯಲ್ಲಿ, ಒಬ್ಬರೇ ಅಡುಗೆಯನ್ನೂ ಮಗುವನ್ನೂ ನೋಡಿಕೊಳ್ಳುವಾಗ, ಅಥವಾ ಆರೇಳು ವರ್ಷದ ಅಕ್ಕನ ಕಾವಲಿನಲ್ಲಿ ನಡೆದಿತ್ತು. ಬಾಡಿಗೆಯ ಒಂದೇ ಕೋಣೆಯಲ್ಲಿ ಅಡುಗೆಗೂ ಮಲಗಲಿಕ್ಕೂ ಜಾಗ ಮಾಡಿಕೊಂಡವರಿಗೆ “ಒಲೆಯನ್ನು ಎತ್ತರದಲ್ಲಿಡಿ” ಎಂಬ ನನ್ನ ಉಪದೇಶ ಎಷ್ಟು ಪೊಳ್ಳಾಗಿ ಕೇಳಿಸಿರಬೇಕು! ಅಂಥಲ್ಲಿ ಒಲೆಯ ಮುಂದೆ ಅಡ್ಡವಿಡಬಹುದಾದ ಭಾರದ ವಸ್ತುವನ್ನು ಅವರೊಂದಿಗೆ ಕೂತು ಹುಡುಕುತ್ತೇನೆ. ಮೊದಲು ಯಾವ ಪ್ರಶ್ನೆ ಕೇಳುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಮಗುವಿನ ಬಗ್ಗೆ ಅಲ್ಲ ಎಂದಷ್ಟೇ ಹೇಳಬಲ್ಲೆ.

ಎರಡು ಗಂಟಿನ ದಾರ ಒಯ್ದ ನೂರಿಪ್ಪತ್ತರಷ್ಟು ಮನೆಗಳಿಂದ ಎರಡು ವರ್ಷಗಳಲ್ಲಿ ಮತ್ತೆ ಬಂದದ್ದು, ನೆನಪಿರುವಂತೆ, ಎರಡೇ ಮಕ್ಕಳು. ಎರಡೂ ಕಡೆ ಮಗು ಬೆಳೆದಿತ್ತು, ಗಂಟು ಹಳೆಯದಾಗಿತ್ತು. ಈಗ ಮೂರು ತಿಂಗಳಿಗೊಮ್ಮೆ, ಡ್ರೆಸ್ಸಿಂಗಿಗೋ ಲಸಿಕೆಗೋ ಬಂದಾಗ, ಹಳೆಯ ಗಂಟು ಬಿಚ್ಚಿ ಹೊಸದು ಹಾಕುತ್ತೇವೆ. ನೈಲಾನ್ ದಾರ ಬೇಡ, ಗಂಟು ಜಾರುತ್ತದೆ.