ಶಾಲಾ ಸಂಸತ್ತಲ್ಲಿ ಬ್ಯಾಡ್ಜ್ ಜೊತೆ ಕೆಲಸನೂ ಕೊಟ್ವಿ: ನನ್ನ ಅನುಭವ

ನಾನು ಸಿರಾ ಕಡೆ ಒಂದು ಸರ್ಕಾರಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಡ್ತೀನಿ, ಶಾಲಾ ಸಂಸತ್ತಿನ ಉಸ್ತುವಾರಿನೂ ನಂದೇ. ತರಬೇತಿಲಿ ಸಿಕ್ಕ ಬೇರೆ ಶಾಲೆ ಟೀಚರ್‌ಗಳು "ನಿಮ್ ಮಕ್ಕಳು ಹೇಳಿಸ್ಕೊಳ್ದೇನೇ ಕೆಲಸ ಮಾಡ್ತಾರಲ್ಲ, ಹೆಂಗ್ ಮೇಡಂ" ಅಂತ ಕೇಳ್ತಿರ್ತಾರೆ, ಅಲ್ಲಿ ಟೀ ಬ್ರೇಕಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಇದು, ಅದಕ್ಕೆ ಬರೀತಿದೀನಿ.

ಶಾಲಾ ಸಂಸತ್ತು ಎಲ್ಲ ಕಡೆನೂ ಇದೆ. ಜೂನ್ ಕೊನೆಗೋ ಜುಲೈಗೋ ಚುನಾವಣೆ, ನಾಮಪತ್ರ, ವಾಪಸ್ ತಗೊಳ್ಳೋಕೆ ಒಂದಿನ, ಪೆನ್ಸಿಲ್ಲು ಚೆಂಡು ಬಿಂದಿಗೆ ಅಂತ ಚಿಹ್ನೆ, ಎರಡು ಮೊಬೈಲಲ್ಲಿ ಇವಿಎಂ ಆಪ್ ಹಾಕ್ಕೊಂಡು ಒಂದನ್ನ ಕಂಟ್ರೋಲ್ ಯೂನಿಟ್ ಮಾಡಿ ಇನ್ನೊಂದನ್ನ ಬ್ಯಾಲೆಟ್ ಯೂನಿಟ್ ಮಾಡೋದು, ಬೆರಳಿಗೆ ಮಾರ್ಕರ್ ಶಾಯಿ. ಮಕ್ಕಳಿಗೆ ಹಬ್ಬ ಅದು, ಪಾಠದಲ್ಲಿ ಎಷ್ಟು ಓದಿದ್ರೂ ತಲೆಗೆ ಹೋಗದೇ ಇರೋದು ಆ ಒಂದಿನದಲ್ಲಿ ಹೋಗುತ್ತೆ. ಆದ್ರೆ ಪ್ರಮಾಣವಚನ ಆದ್ಮೇಲೆ ಏನು? ಮುಖ್ಯಮಂತ್ರಿಗೆ ಪ್ರಾರ್ಥನೆಲಿ ಲೈನ್ ನೇರ ಮಾಡ್ಸೋ ಕೆಲಸ, ಸಾಂಸ್ಕೃತಿಕ ಮಂತ್ರಿಗೆ ಆಗಸ್ಟ್ 15ಕ್ಕೆ ಹೂವು ತರೋ ಕೆಲಸ, ಉಳಿದವರ ಬ್ಯಾಡ್ಜು ಬ್ಯಾಗ್ ಒಳಗೆ. ಗೆಲ್ಲೋರೂ ಅಷ್ಟೇ, ಶಾಲೆ ಇರೋ ದೊಡ್ಡೂರಿನ ಹುಡುಗ್ರು, ಚೆನ್ನಾಗಿ ಮಾತಾಡೋರು, ಮಾರ್ಕ್ಸ್ ಬರೋರು. ಗೊಲ್ಲರಹಟ್ಟಿಯಿಂದಲೋ ತಾಂಡದಿಂದಲೋ ನಡ್ಕೊಂಡು ಬರೋ ಮಗು ವೋಟ್ ಹಾಕುತ್ತೆ ಅಷ್ಟೇ, ನಿಲ್ಲೋದಿಲ್ಲ. ಯಾಕಂದ್ರೆ ಅದರ ಊರಿಂದ ಬರೋರೇ ಆರೇಳು ಜನ, ಲೆಕ್ಕ ಅದಕ್ಕೂ ಗೊತ್ತು.

ಇದಕ್ಕೆ ದಾರಿ ಹೊಳೆದಿದ್ದು ಪಾಠ ಮಾಡ್ತಾನೇ. ಪಂಚಾಯ್ತಿ ಮೀಸಲಾತಿ ಬಗ್ಗೆ ಹಳ್ಳಿ ಮಕ್ಕಳಿಗೆ ನಾನೇನೂ ಹೇಳ್ಕೊಡಬೇಕಿಲ್ಲ, "ಈ ಸಲ ನಮ್ಮ ವಾರ್ಡು ಮಹಿಳೆಗೆ ಬಿದ್ದಿದೆ ಮಿಸ್, ನಮ್ಮ ದೊಡ್ಡಮ್ಮ ನಿಂತ್ಕೊತಾರೆ" ಅಂತ ಅವ್ರೇ ಹೇಳ್ತಾರೆ. 1987ರಲ್ಲಿ ನಮ್ಮ ರಾಜ್ಯದಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ನಡೆದಾಗ ಹೆಣ್ಮಕ್ಕಳಿಗೆ ಶೇ 25 ಸೀಟು ಇಟ್ಟಿದ್ರು, ಆಮೇಲೆ ಸಂವಿಧಾನದ 73ನೇ ತಿದ್ದುಪಡಿ ಬಂದು ಇಡೀ ದೇಶಕ್ಕೆ ಮೂರನೇ ಒಂದು ಭಾಗ ಆಯ್ತು, 2010ರಲ್ಲಿ ಕರ್ನಾಟಕ ಅದನ್ನ ಶೇ 50 ಮಾಡ್ತು. ಇದನ್ನ ಬೋರ್ಡ್ ಮೇಲೆ ಬರೆದು, ಸರಿ ನಮ್ಮ ಸಂಸತ್ತಿಗೆ ಹೆಂಗೆ ಮಾಡೋಣ ಅಂತ 9ನೇ ಕ್ಲಾಸಿಗೇ ಕೇಳಿದೆ. ಎರಡು ಪೀರಿಯಡ್ ಗಲಾಟೆ ಆಗಿ ಕೊನೆಗೆ ಅವ್ರೇ ಒಂದು ರೂಲ್ ಮಾಡಿದ್ರು: ಪ್ರತಿ ಖಾತೆಗೂ ಇಬ್ರು, ಒಬ್ಬ ಹುಡುಗ ಒಬ್ಬಳು ಹುಡುಗಿ, ಇಬ್ಬರೂ ಒಂದೇ ಊರೋರು ಆಗಂಗಿಲ್ಲ, ಯಾವ ಖಾತೆ ಯಾವ ಊರಿಗೆ ಅಂತ ವರ್ಷ ವರ್ಷ ರೊಟೇಷನ್. ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕರು ಮಾತ್ರ ಎಲ್ಲರಿಗೂ ಓಪನ್.

ಇಲ್ಲಿ ನಾನು ಒಂದು ವಿಷಯದಲ್ಲಿ ಪಟ್ಟು ಹಿಡಿದೆ. ರೊಟೇಷನ್ ಊರ ಹೆಸರಲ್ಲೇ ಆಗಬೇಕು, ಜಾತಿ ಹೆಸರು ಕ್ಲಾಸಲ್ಲಿ ಬಾಯಿಗೆ ಬರಬಾರದು. ಊರು, ಹಟ್ಟಿ, ಕಾಲೋನಿ, ತಾಂಡ ಅಂದ್ರೆ ನಮ್ಮ ಕಡೆ ಯಾರು ಎಲ್ಲಿ ಅಂತ ಎಲ್ಲರಿಗೂ ಗೊತ್ತಾಗುತ್ತೆ ನಿಜ, ಆದ್ರೂ ಮಗು ತನ್ನ ಊರಿನ ಪ್ರತಿನಿಧಿ ಅಂತ ನಿಲ್ಲೋದಕ್ಕೂ ಇನ್ನೊಂದಕ್ಕೂ ಬಹಳ ವ್ಯತ್ಯಾಸ ಇದೆ. ಈ ಮಾತು ಬಂದಿದ್ದಕ್ಕೆ ಹೇಳ್ತೀನಿ, ಸ್ಕಾಲರ್‌ಶಿಪ್ ಅರ್ಜಿ ಟೈಮಲ್ಲಿ ಜಾತಿ ಪ್ರಮಾಣಪತ್ರ ಯಾರ್ ಯಾರ್ ತಂದಿಲ್ಲ ಅಂತ ಇಡೀ ಕ್ಲಾಸಲ್ಲಿ ಎಬ್ಬಿಸಿ ನಿಲ್ಸಿ ಕೇಳೋ ಪದ್ಧತಿ ಇದೆಯಲ್ಲ, ದಯವಿಟ್ಟು ಅದನ್ನ ಬಿಡಿ. ಸ್ಟಾಫ್ ರೂಮಿಗೆ ಒಬ್ಬೊಬ್ಬರನ್ನೇ ಕರೆದು ಕೇಳಿದ್ರೆ ಅರ್ಧ ಗಂಟೆ ಜಾಸ್ತಿ ಆಗ್ಬೋದು, ಆಗ್ಲಿ.

ಇನ್ನು ಕೆಲಸದ ವಿಷಯ. ಖಾತೆ ಅಂದ್ಮೇಲೆ ಅದಕ್ಕೆ ಒಂದು ಬೀಗದ ಕೈನೋ ಒಂದು ಪುಸ್ತಕನೋ ಇರಬೇಕು, ಆ ಮಗು ಬರದೇ ಇದ್ರೆ ಅವತ್ತು ಶಾಲೆಗೆ ತೊಂದ್ರೆ ಆಗಬೇಕು, ಅಂಥ ಕೆಲಸನೇ ಕೊಡ್ತೀವಿ. ಲೈಬ್ರರಿ ಬೀರು ಕೀ ಮಕ್ಕಳ ಹತ್ರ. ಆಟದ ಸಾಮಾನಿನ ರೂಮ್ ಕೀನೂ ಅವರ ಹತ್ರನೇ. ಹೆಡ್ ಮಾಸ್ಟರು ಮೊದಲು ಒಪ್ಪಲಿಲ್ಲ, ಏನಾದ್ರೂ ಕಳೆದ್ರೆ ಆಡಿಟಲ್ಲಿ ಉತ್ತರ ಹೇಳೋರು ಅವ್ರು ತಾನೇ, ಅವರ ಭಯ ನ್ಯಾಯವಾದದ್ದೇ. ಸ್ಟಾಕ್ ರಿಜಿಸ್ಟರ್ ನಮ್ಮ ಹತ್ರ ಇರ್ಲಿ, ದಿನದ ವಿತರಣೆ ಪುಸ್ತಕ ಮಕ್ಕಳ ಹತ್ರ ಇರ್ಲಿ, ಶನಿವಾರ ಬೆಳಗಿನ ಕ್ಲಾಸ್ ಮುಗಿದ್ಮೇಲೆ ಎರಡನ್ನೂ ತಾಳೆ ನೋಡೋಣ ಅಂದ್ಮೇಲೆ ಒಪ್ಪಿದ್ರು.

ಎಲ್ಲಕ್ಕಿಂತ ಚೆನ್ನಾಗಿ ನಡೆದಿದ್ದು ಆಹಾರ ಖಾತೆ. ಅಕ್ಷರ ದಾಸೋಹದ ಅಡುಗೆ ಅಮ್ಮಂದಿರಿಗೆ ಅಕ್ಕಿ ತೊಳೆಯೋ ಮುಂಚೆ ಇವತ್ತು ಎಷ್ಟು ಮಕ್ಕಳು ಅಂತ ಲೆಕ್ಕ ಬೇಕು, ಮೊಟ್ಟೆ ಎಷ್ಟು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಎಷ್ಟು ಅಂತನೂ ಬೇಕು. ಆ ಲೆಕ್ಕ ತರೋ ಖಾತೆಗೆ ಬಂದ ಹುಡುಗನಿಗೆ ಎರಡೂ ಕಿವಿ ಕೇಳಲ್ಲ, ಮಾತೂ ಸ್ವಲ್ಪ ಸ್ವಲ್ಪ. 8ನೇ ಕ್ಲಾಸಿಗೆ ಸೇರಿದಾಗ ಕಿಟಕಿ ಪಕ್ಕ ಕೂತು ಬೋರ್ಡಲ್ಲಿ ಇದ್ದಿದ್ದು ಕಾಪಿ ಮಾಡಿ ಮನೆಗೆ ಹೋಗೋನು. ಅವನನ್ನ ಯಾರೂ ಹಂಗಿಸ್ತಿರಲಿಲ್ಲ, ಯಾರೂ ಸೇರಿಸ್ಕೊತಾನೂ ಇರಲಿಲ್ಲ, ನನಗೆ ಎರಡನೇದೇ ಹೆಚ್ಚು ಕೆಟ್ಟದ್ದು ಅನ್ಸುತ್ತೆ.

ಅವನ ಕೆಲಸ ಹೆಂಗೆ ಅಂದ್ರೆ, ಮೊದಲನೇ ಪೀರಿಯಡ್ ಹಾಜರಿ ಆದ ತಕ್ಷಣ ಒಂದು ಸ್ಲೇಟ್ ಹಿಡ್ಕೊಂಡು ಪ್ರತಿ ಸೆಕ್ಷನ್ ಬಾಗಿಲಿಗೆ ಹೋಗ್ತಾನೆ, ಮೂರು ಕಾಲಂ ಗೀಟು ಹಾಕಿರ್ತಾನೆ, ಊಟ ಮೊಟ್ಟೆ ಬಾಳೆಹಣ್ಣು. ಕ್ಲಾಸ್ ಲೀಡರ್ ಎದ್ದು ಬಂದು ಅಂಕಿ ಬರೀತಾನೆ. ಇವನು ಕೂಡಿ, ಅಡುಗೆ ಮನೆಗೆ ಹೋಗಿ ಅಮ್ಮನಿಗೆ ತೋರಿಸಿ, ಪುಸ್ತಕದಲ್ಲಿ ಬರೆದು ಅವರ ಸಹಿ ಹಾಕಿಸ್ಕೊಂಡು ಬರ್ತಾನೆ. ಮಾತೇ ಬೇಕಿಲ್ಲ ಈ ಕೆಲಸಕ್ಕೆ. ಲೀಡರ್‌ಗಳು ದಿನಾ ಇವನ ಜೊತೆ ವ್ಯವಹಾರ ಮಾಡಿ ಮಾಡಿ ಮೊಟ್ಟೆಗೊಂದು ಸನ್ನೆ, ಹಣ್ಣಿಗೊಂದು ಸನ್ನೆ, "ನಾಳೆ ಬಾ"ಗೊಂದು ಸನ್ನೆ, ಹಿಂಗೆ ಬೆಳೀತಾ ಹೋಯ್ತು. ದಸರಾ ರಜೆ ಹೊತ್ತಿಗೆ ವಾಲಿಬಾಲ್ ಟೀಮಲ್ಲಿ ಅವನಿದ್ದ, ಸನ್ನೆಲೇ ಬೈತಿದ್ದ, ಬೈಸ್ಕೋತಾನೂ ಇದ್ದ. ನಮ್ಮ ಬ್ಲಾಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಬಂದಾಗ ಮಕ್ಕಳೇ ಹೋಗಿ "ಸರ್, ಸರಿಯಾದ ಸೈನ್ ಭಾಷೆ ಹೇಳ್ಕೊಡಿ, ನಾವು ಮಾಡೋದು ನಮ್ಮ ಶಾಲೆಗೆ ಮಾತ್ರ ಅರ್ಥ ಆಗುತ್ತೆ" ಅಂತ ಕೇಳಿದ್ರು. ನಾನು ಹೇಳ್ಕೊಟ್ಟ ಮಾತಲ್ಲ ಅದು.

ಅದೇ ಖಾತೆಯ ಹುಡುಗಿಗೆ ಊಟದ ಸಾಲು ಕೂರಿಸೋ ಕೆಲಸ. ಮಕ್ಕಳನ್ನ ಅವರ ಪಾಡಿಗೆ ಬಿಟ್ರೆ ಊರ್ ಊರಿನವರು ಗುಂಪು ಗುಂಪಾಗೇ ಕೂರ್ತಾರೆ, ಅದರ ಹಿಂದೆ ಏನಿದೆ ಅಂತ ಹಳ್ಳಿ ಶಾಲೇಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಅವಳು ತಟ್ಟೆ ತಗೊಳ್ಳುವಾಗ ಒಂದರಿಂದ ಆರು ಅಂತ ಎಣಿಸ್ತಾ ಹೋಗ್ತಾಳೆ, ನಂಬರ್ ಬಂದ ಸಾಲಲ್ಲಿ ಕೂರಬೇಕು. ಶುರುವಲ್ಲಿ ಒಂದಿಬ್ಬರ ಮನೆಯವರು ಬಂದು ಕೇಳಿದ್ರು. ಎಲ್ಲರಿಗೂ ಒಂದೇ ರೂಲ್, ನಾವು ಟೀಚರ್‌ಗಳೂ ಅದೇ ಸಾಲಲ್ಲಿ ಕೂತು ತಿಂತೀವಿ, ಬನ್ನಿ ನೀವೂ ಊಟ ಮಾಡಿ ಅಂತ ಕೂರಿಸಿದ್ವಿ, ಊಟ ಮಾಡ್ಕೊಂಡೇ ಹೋದ್ರು.

ಸಭೆ ಪ್ರತಿ ತಿಂಗಳ ಕೊನೇ ಶನಿವಾರ. ಸಭಾಧ್ಯಕ್ಷೆ ಆಗಿದ್ದವಳಿಗೆ ದೃಷ್ಟಿ ತುಂಬಾ ಕಮ್ಮಿ, ಬೆಳಕು ನೆರಳು ಗೊತ್ತಾಗುತ್ತೆ, ಮುಖ ಗೊತ್ತಾಗಲ್ಲ, ಆದ್ರೆ ಧ್ವನಿ ಒಂದ್ಸಲ ಕೇಳಿದ್ರೆ ಮರೆಯಲ್ಲ. ಮಾತಾಡೋ ಮುಂಚೆ ಹೆಸರು ಊರು ಹೇಳಬೇಕು, ಒಬ್ಬರು ಮಾತಾಡುವಾಗ ಇನ್ನೊಬ್ರು ಬಾಯಿ ಹಾಕಂಗಿಲ್ಲ, ಇದು ಅವಳು ತಂದ ನಿಯಮ. ಅವಳಿಗೆ ಅನುಕೂಲ ಆಯ್ತು, ಆದ್ರೆ ಅದೇ ಸಭೇಲಿ ಕೂತಿರೋ ನಮ್ಮ ಲೆಕ್ಕದ ಹುಡುಗನಿಗೆ ಇದರಿಂದ ಏನೂ ಉಪಯೋಗ ಇಲ್ವಲ್ಲ, ಅವನಿಗೆ ಕಣ್ಣಿಗೆ ಕಾಣಬೇಕು. ಅದನ್ನ ಎತ್ತಿದ್ದೂ ಮಕ್ಕಳೇ, ವಿರೋಧ ಪಕ್ಷದ ನಾಯಕಿ ಎದ್ದು "ಅಧ್ಯಕ್ಷರೇ, ಆಹಾರ ಸಚಿವರಿಗೆ ಸಭೆ ಅರ್ಥ ಆಗ್ತಿಲ್ಲ" ಅಂದ್ಲು. ಆವತ್ತಿಂದ ಒಬ್ರು ಬೋರ್ಡ್ ಹತ್ರ ನಿಂತು ಯಾರು ಏನಂದ್ರು ಅಂತ ಒಂದೊಂದು ಸಾಲು ಬರೀತಾರೆ, ಬರೆಯೋವರೆಗೂ ಮುಂದಿನವರು ಕಾಯ್ತಾರೆ. ಸಭೆ ನಿಧಾನ ಆಯ್ತು. ನಿಧಾನ ಆಗಿದ್ದಕ್ಕೇ 8ನೇ ಕ್ಲಾಸಿನ ಸಣ್ಣ ಮಕ್ಕಳಿಗೆ ಕೈ ಎತ್ತೋಕೆ ಟೈಮ್ ಸಿಗೋಕೆ ಶುರುವಾಯ್ತು, ಮುಂಚೆ ಅವರು ಯೋಚನೆ ಮಾಡೋ ಹೊತ್ತಿಗೆ ದೊಡ್ಡವರು ಮುಂದಿನ ವಿಷಯಕ್ಕೆ ಹೋಗಿರೋರು.

ಆ ಸಭಾಧ್ಯಕ್ಷೆ ಹುಡುಗಿಗೆ ಎಸ್‌ಎಸ್‌ಎಲ್‌ಸಿಲಿ ಬರೆಯೋಕೆ ಸಹಾಯಕರು, ಹೆಚ್ಚುವರಿ ಸಮಯ ಎರಡೂ ಸಿಗುತ್ತೆ. ಆದ್ರೆ ಪರೀಕ್ಷೆ ಹತ್ರ ಬಂದಾಗ ಯಾರೋ ಒಬ್ರನ್ನ ಹುಡುಕಿ ಕೂರಿಸಿದ್ರೆ ಪ್ರಯೋಜನ ಇಲ್ಲ, ಹೇಳೋಳಿಗೂ ಬರೆಯೋಳಿಗೂ ಹೊಂದಾಣಿಕೆ ಬೇಕು, ಎಲ್ಲಿ ಪ್ಯಾರಾ ಬಿಡಬೇಕು, ಗಣಿತದ ಹೆಜ್ಜೆ ಹೆಂಗೆ ಹೇಳಬೇಕು ಅಂತ ಇಬ್ರಿಗೂ ಅಭ್ಯಾಸ ಆಗಬೇಕು. ನಾವು ಕೆಳಗಿನ ಕ್ಲಾಸಿನ ಒಬ್ಬಳನ್ನ ಮೊದಲ ಕಿರುಪರೀಕ್ಷೆಯಿಂದಲೇ ಅವಳ ಜೊತೆ ಕೂರಿಸಿದ್ವಿ. ವೈದ್ಯಕೀಯ ಪ್ರಮಾಣಪತ್ರ, ಅಂಗವಿಕಲರ ಗುರುತಿನ ಚೀಟಿ ಇವನ್ನೆಲ್ಲ ಜೂನಲ್ಲೇ ಮಾಡಿಸಿ ಇಟ್ಕೊಳ್ಳಿ, ಆಸ್ಪತ್ರೆ ಓಡಾಟ ಪರೀಕ್ಷೆ ಟೈಮಿಗೆ ಇಟ್ಕೊಂಡ್ರೆ ಮಗು ಹೈರಾಣಾಗುತ್ತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೇಲಿ 21 ಬಗೆಯ ಅಂಗವೈಕಲ್ಯ ಸೇರಿಸಿದ್ದಾರೆ, ಅದರಲ್ಲಿ ಕಲಿಕಾ ನ್ಯೂನತೆನೂ ಇದೆ, "ಇವನು ದಡ್ಡ" ಅಂತ ನಾವು ಸುಮ್ಮನಾಗಿಬಿಡೋ ಎಷ್ಟೋ ಮಕ್ಕಳು ಅಲ್ಲಿ ಬರ್ಬೋದು, ತೋರಿಸಿ ನೋಡಿ.

ಹಟ್ಟಿ ಹೆಣ್ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಮುಟ್ಟಾದಾಗ ಹಟ್ಟಿಯಿಂದ ಹೊರಗೆ ಇರಿಸೋ ಪದ್ಧತಿ ನಮ್ಮ ಕಡೆ ಕೆಲವು ಕಡೆ ಇನ್ನೂ ಇದೆ, 2017ರ ಮೌಢ್ಯ ನಿಷೇಧ ಕಾಯ್ದೇಲಿ ಇದಕ್ಕೆ ಶಿಕ್ಷೆ ಇದೆ, ಆದ್ರೂ ಇದೆ. ಆ ದಿನಗಳಲ್ಲಿ ಮಕ್ಕಳು ಶಾಲೆಗೂ ಬರ್ತಿರಲಿಲ್ಲ, ತಿಂಗಳಿಗೆ ನಾಲ್ಕೈದು ದಿನ ಅಂದ್ರೆ ಒಂದು ಗಣಿತದ ಅಧ್ಯಾಯನೇ ಹೋಯ್ತು. ಕಾಯ್ದೆ ಹಿಡ್ಕೊಂಡು ಹಟ್ಟಿಗೆ ಹೋದ್ರೆ ಅಮ್ಮಂದಿರು ಬಾಗಿಲು ಹಾಕ್ಕೊತಾರೆ, ಮಗುನ ಶಾಲೆ ಬಿಡಿಸ್ತಾರೆ. ಅದೇ ಹಟ್ಟಿಯಿಂದ ಪಿಯುಸಿಗೆ ಹೋಗ್ತಿರೋ ನಮ್ಮ ಹಳೇ ವಿದ್ಯಾರ್ಥಿನಿನ, ಆರೋಗ್ಯ ಖಾತೆ ಹುಡುಗಿನ ಕರ್ಕೊಂಡು ಹೋಗಿ ನಾನು ಹೆಚ್ಚು ಮಾತಾಡದೇ ಕೂತೆ. ಅವರಿಬ್ರೇ ಮಾತಾಡಿದ್ರು. "ಹೊರಗಿರೋದು ಆಮೇಲೆ ನೋಡೋಣ ಚಿಕ್ಕವ್ವ, ಶಾಲೆಗಂತೂ ಕಳ್ಸು, ಶಾಲೆ ಹಟ್ಟಿ ಒಳಗಿಲ್ಲವಲ್ಲ" ಅಂದ್ಲು ದೊಡ್ಡವಳು. ಎಲ್ಲರೂ ಒಪ್ಪಲಿಲ್ಲ, ಕೆಲವರು ಒಪ್ಪಿದ್ರು, ಮುಂದಿನ ವರ್ಷ ಇನ್ನೂ ಕೆಲವರು. ಬರದೇ ಇರೋರಿಗೆ ನೋಟ್ಸ್ ಜೋಡಿ ಮಾಡಿದೀವಿ, ಒಬ್ಬಳು ಬರದಿದ್ರೆ ಅವಳ ಜೋಡಿ ಎರಡು ಪ್ರತಿ ಬರೆದು ತಲುಪಿಸ್ತಾಳೆ, ಬಂದ ದಿನ ಯಾಕೆ ಬಂದಿರಲಿಲ್ಲ ಅಂತ ಯಾವ ಟೀಚರೂ ಕ್ಲಾಸಲ್ಲಿ ಕೇಳಂಗಿಲ್ಲ. ಪ್ಯಾಡ್ ಇರೋ ಬೀರು ಕೀ ಆರೋಗ್ಯ ಖಾತೆ ಹುಡುಗಿ ಹತ್ರ, ಅದಕ್ಕೆ ಮಾತ್ರ ಹೆಸರು ಬರೆಯೋ ಪುಸ್ತಕ ಇಲ್ಲ, ಎಷ್ಟು ಉಳಿದಿದೆ ಅಂತ ಎಣಿಸಿ ಹೇಳ್ತಾಳೆ ಅಷ್ಟೇ.

ಮಕ್ಕಳ ಮೇಲೆ ಎಷ್ಟು ಹೊರೆ ಹಾಕಬೇಕು ಅನ್ನೋದಕ್ಕೂ ಗೆರೆ ಬೇಕು. 10ನೇ ಕ್ಲಾಸ್ ಹುಡುಗಿ ಒಬ್ಬಳು ಇದ್ದಕ್ಕಿದ್ದಂಗೆ ಬರೋದು ನಿಂತ್ರೆ, ಮನೇಲಿ ಮದುವೆ ಮಾತು ನಡೀತಿದ್ರೆ, ಅದು ಮೊದಲು ಗೊತ್ತಾಗೋದು ಮಕ್ಕಳಿಗೇ. ನಮ್ಮಲ್ಲಿ ನಿಯಮ ಏನಂದ್ರೆ, ಮಕ್ಕಳು ನಮಗೆ ಬಂದು ಹೇಳಬೇಕು, ಅಲ್ಲಿಗೆ ಅವರ ಕೆಲಸ ಮುಗೀತು. ಆ ಮನೆಗೆ ಹೋಗಿ ಬುದ್ಧಿ ಹೇಳೋದು, ಜಗಳ ಆಡೋದು ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡೋದು ನಾವು, ಯಾರು ಹೇಳಿದ್ರು ಅಂತ ಯಾರಿಗೂ ಬಾಯಿ ಬಿಡದೇ ಇರೋದೂ ನಾವು. ಹಂಗೇ ಹೊಡೆದಾಟ ಬಿಡಿಸೋದು, ಶಿಕ್ಷೆ ಕೊಡೋದು, ಮಾತಾಡಿದವರ ಹೆಸರು ಬೋರ್ಡಲ್ಲಿ ಬರೆಯೋದು ಇವು ಯಾವುವೂ ಮಂತ್ರಿಗಳ ಕೆಲಸ ಅಲ್ಲ. ಮಕ್ಕಳ ಕೈಗೆ ದಂಡದ ಅಧಿಕಾರ ಕೊಟ್ರೆ ಅದು ಪೊಲೀಸ್ ಕೆಲಸ ಆಗಿಬಿಡುತ್ತೆ, ಸಣ್ಣವರು ಅವರನ್ನ ಕಂಡ್ರೆ ಸರಿದು ಹೋಗ್ತಾರೆ, ಆಮೇಲೆ ಕಷ್ಟ ಯಾರ ಹತ್ರ ಹೇಳ್ತಾರೆ?

ಓದಿಗೆ ತೊಂದ್ರೆ ಆಗುತ್ತೆ ಅಂತ ಪೋಷಕರ ಸಭೇಲಿ ಪ್ರತಿ ವರ್ಷ ಕೇಳ್ತಾರೆ. 10ನೇ ಕ್ಲಾಸಿನ ಮಂತ್ರಿಗಳು ಡಿಸೆಂಬರ್ ಕೊನೆಗೆ ಕೀ, ಪುಸ್ತಕ ಎಲ್ಲ 9ನೆಯವರಿಗೆ ವಹಿಸಿಕೊಡ್ತಾರೆ, ಪೂರ್ವಸಿದ್ಧತಾ ಪರೀಕ್ಷೆ ಶುರು ಆಗೋ ಮುಂಚೆ ಅವರು ಫ್ರೀ. 9ನೆಯವರಿಗೆ ಮೂರು ತಿಂಗಳು ಕಲಿಯೋಕೆ ಸಿಗುತ್ತೆ, ಜೂನಲ್ಲಿ ಹೊಸ ಚುನಾವಣೆ ಆಗೋವರೆಗೂ ಊಟದ ಲೆಕ್ಕ ನಿಲ್ಲಲ್ಲ.

ಹೊಸದಾಗಿ ಮಾಡೋರಿಗೆ ಎಲ್ಲ ಖಾತೆನೂ ಒಟ್ಟಿಗೆ ಶುರು ಮಾಡಿ ಅಂತ ನಾನು ಹೇಳಲ್ಲ. ಊಟದ ಲೆಕ್ಕ ಒಂದನ್ನ ತಗೊಳ್ಳಿ, ಒಂದು ಸ್ಲೇಟು ಒಂದು ನೂರು ಪುಟದ ನೋಟ್‌ಬುಕ್ ಸಾಕು, ಅಡುಗೆ ಅಮ್ಮಂದಿರ ಜೊತೆ ಮೊದಲೇ ಕೂತು ಮಾತಾಡಿ, ದಿನಾ ಸಹಿ ಹಾಕಬೇಕಾದವರು ಅವರೇ. ಆ ಕೆಲಸ ಯಾರಿಗೆ ಅಂತ ಆರಿಸುವಾಗ ಮಾತ್ರ ಹಾಜರಿ ಪುಸ್ತಕ ತೆಗೆದು ಇಡೀ ವರ್ಷ ನಿಮ್ಮ ಬಾಯಲ್ಲಿ ಯಾರ ಹೆಸರು ಬಂದೇ ಇಲ್ಲವೋ ಅವರನ್ನ ಹುಡುಕಿ.