ಕಾರಿನ ಪಿಕಪ್ ಬಂದು ಹೋಗಿ ಮಾಡುತ್ತಿದ್ದರೆ ಮೊದಲು ಅರ್ಥಿಂಗ್ ನೋಡಿ

ವಿಜಯಪುರದಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುತ್ತೇನೆ. ಪೂರ್ತಿ ಬಂದ್ ಆದ ಗಾಡಿ ರಿಪೇರಿ ಮಾಡುವುದು ಸುಲಭ. ಬಂದು ಹೋಗುವ ದೋಷವೇ ಕಷ್ಟ. ಅಂಥ ಒಂದು ಗಾಡಿಯ ದೋಷ ಹೇಗೆ ಹಿಡಿದೆ ಅಂತ ಹೇಳುತ್ತೇನೆ. ದೋಷ ಇದ್ದದ್ದು ಅರ್ಥಿಂಗಿನಲ್ಲಿ, ಅಂದರೆ ಎಂಜಿನ್, ಬಾಡಿ ಮತ್ತು ಬ್ಯಾಟರಿ ಮೈನಸ್ ಜೋಡಿಸಿ ಕರೆಂಟಿಗೆ ವಾಪಸ್ ದಾರಿ ಕೊಡುವ ವೈರಿನಲ್ಲಿ.

ಗಾಡಿ ಕೊಲ್ಹಾರ ಕಡೆಯ ಮಾಸ್ತರರೊಬ್ಬರದು. ಹಳೆಯ ಪೆಟ್ರೋಲ್ ಕಾರು, ಕೇಬಲ್ ಆಕ್ಸಿಲರೇಟರ್. ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಹೋದರೆ ಒಮ್ಮೆಲೇ ಪಿಕಪ್ ಬೀಳುತ್ತಿತ್ತು. ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತಿತ್ತು. ಚೆಕ್ ಎಂಜಿನ್ ದೀಪ ಹತ್ತುತ್ತಿತ್ತು, ಆರುತ್ತಿತ್ತು. ಬೇರೆ ಕಡೆ ಪ್ಲಗ್, ಸ್ಪೀಡ್ ಸೆನ್ಸರ್ ಎಲ್ಲ ಬದಲಿಸಿ ಆಗಿತ್ತು. "ಏನ್ ಹಾಕಿದ್ರೂ ಅಷ್ಟರಿ, ರೊಕ್ಕ ಅಷ್ಟ ಹೋತು" ಅಂದರು.

"ಮಾಸ್ತರ್ರ, ಎ.ಸಿ. ಇಲ್ಲದ, ಬರೇ ಹೆಡ್‌ಲೈಟ್ ಹಾಕಿದ್ರ ಹಿಂಗ ಆಗ್ತದೇನ್ರಿ?" ಅಂತ ಕೇಳಿದೆ. ಆಗ್ತದ್ರಿ ಅಂದರು. ಎ.ಸಿ. ಹಾಕಿದರೆ ಸಣ್ಣ ಎಂಜಿನ್ ಹೇಗೂ ಸ್ವಲ್ಪ ಎಳೆಯುವುದಿಲ್ಲ, ಅದರಿಂದ ಏನೂ ತಿಳಿಯುವುದಿಲ್ಲ. ಬರೀ ದೀಪ ಹಾಕಿದಾಗಲೂ ಪಿಕಪ್ ಬೀಳುತ್ತದೆ ಅಂದರೆ ದೋಷ ಕರೆಂಟಿನದಿರಬೇಕು.

ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ0562, ಅಂದರೆ ವೋಲ್ಟೇಜ್ ಕಡಿಮೆ. ಪಿ0500, ಅಂದರೆ ಸ್ಪೀಡ್ ಸೆನ್ಸರ್. ಒಂದಕ್ಕೊಂದು ಸಂಬಂಧವಿಲ್ಲದ ಕೋಡ್ ಒಟ್ಟಿಗೆ ಬಂದರೆ ನಾನು ಸೆನ್ಸರ್ ಮುಟ್ಟುವುದಿಲ್ಲ. ಎರಡಕ್ಕೂ ಸೇರಿದ ವೈರ್ ಯಾವುದು ಅಂತ ಹುಡುಕುತ್ತೇನೆ.

ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಪ್ಲಸ್ ಮತ್ತು ಅದರ ಬಾಡಿ ನಡುವೆ 14.2 ವೋಲ್ಟ್. ಬ್ಯಾಟರಿಯ ಎರಡು ಟರ್ಮಿನಲ್ ನಡುವೆ 13.1 ಮಾತ್ರ. ನಡುವೆ 1.1 ವೋಲ್ಟ್ ಎಲ್ಲಿ ಹೋಯಿತು? ಬ್ಯಾಟರಿ ಮೈನಸ್‌ನಿಂದ ಎಂಜಿನ್ ಬ್ಲಾಕಿಗೆ ಅಳೆದೆ. ಅಷ್ಟೂ ಅಲ್ಲೇ ಇತ್ತು. ಅಲ್ಲಿ 0.2ರ ಒಳಗೆ ಬರಬೇಕು. ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಬೆಚ್ಚಗಿತ್ತು. ಅರ್ಥಿಂಗ್ ವೈರಿನಲ್ಲಿ ಹೋಗಬೇಕಾದ ಕರೆಂಟ್ ಆ ಕೇಬಲ್ ಹಿಡಿದು ಹೋಗುತ್ತಿತ್ತು.

ಗಾಡಿ ಬಂದ್ ಮಾಡಿ ಅದೇ ಅರ್ಥಿಂಗ್ ವೈರನ್ನು ಓಮ್‌ನಲ್ಲಿ, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ ನೋಡಿದೆ. ಮೀಟರ್ ಹೆಚ್ಚುಕಮ್ಮಿ ಸೊನ್ನೆ ತೋರಿಸಿತು, ಅಂದರೆ ವೈರ್ ಚೆನ್ನಾಗಿದೆಯಂತೆ! ಇಲ್ಲೇ ಬಹಳ ಜನ ಮೋಸ ಹೋಗುವುದು. ಮೀಟರ್ ಬಿಡುವ ಕರೆಂಟ್ ತೀರಾ ಕಮ್ಮಿ, ಅದಕ್ಕೆ ಎರಡು ಎಳೆ ತಾಮ್ರ ಸಾಕು. ಸವೆದ ಹಗ್ಗವೂ ಖಾಲಿ ಕೊಡವನ್ನು ಬಾವಿಯಿಂದ ಎತ್ತುತ್ತದೆ, ತುಂಬಿದ ಕೊಡ ಕಟ್ಟಿದಾಗಲೇ ಗೊತ್ತಾಗುವುದು. ಅರ್ಥಿಂಗ್ ಯಾವಾಗಲೂ ಲೋಡ್ ಇಟ್ಟೇ, ಅಂದರೆ ದೀಪ, ಬ್ಲೋವರ್ ಹಾಕಿಯೇ ಅಳೆಯಬೇಕು.

ಆದರೂ ದೋಷ ಅದರದ್ದೇ ಅಂತ ಖಾತ್ರಿ ಆಗುವವರೆಗೆ ವೈರ್ ಕೀಳಲಿಲ್ಲ. ಬ್ಯಾಟರಿ ಮೈನಸ್‌ನಿಂದ ಬ್ಲಾಕಿಗೆ ಒಂದು ಜಂಪರ್ ಕೇಬಲ್ ಬಿಗಿಯಾಗಿ ಕಟ್ಟಿ, ಫ್ಯಾನ್ ಬೆಲ್ಟಿಗೆ ತಾಗದಂತೆ ನೋಡಿಕೊಂಡು, ಮಾಸ್ತರರನ್ನೇ ಕೂರಿಸಿ ಕೊಲ್ಹಾರದ ಕೃಷ್ಣಾ ಸೇತುವೆವರೆಗೆ ಓಡಿಸಿದೆವು. ದೀಪ, ಎ.ಸಿ. ಎಲ್ಲ ಚಾಲೂ. ಪಿಕಪ್ ಬೀಳಲಿಲ್ಲ, ಮುಳ್ಳು ಕುಣಿಯಲಿಲ್ಲ.

ವಾಪಸ್ ಬಂದು ಬ್ಯಾಟರಿ ಮೈನಸ್ ಮೊದಲು ಬಿಚ್ಚಿ, ಬ್ಯಾಟರಿ ಟ್ರೇ ಎತ್ತಿದೆ. ಬಾಡಿಯಿಂದ, ಎಂಜಿನ್ನಿಗೆ ಬಿಗಿದ ಗೇರ್‌ಬಾಕ್ಸಿಗೆ ಹೋಗುವ ಅರ್ಥಿಂಗ್ ವೈರ್ ಮೇಲೆ ಎರೆಮಣ್ಣು ಒಣಗಿ ಹೆಕ್ಕಳಿಕೆ ಕಟ್ಟಿತ್ತು. ಬೋಲ್ಟ್ ಬಿಗಿಯಾಗೇ ಇತ್ತು. ಆದರೆ ಲಗ್, ಅಂದರೆ ವೈರ್ ತುದಿಯ ಲೋಹದ ಬಳೆ, ಅದರ ಹತ್ತಿರ ರಬ್ಬರ್ ಸೀಳಿದರೆ ಒಳಗೆ ತಾಮ್ರ ಹಸಿರು ಪುಡಿಯಾಗಿತ್ತು, ಗಟ್ಟಿ ಉಳಿದದ್ದು ಕೆಲವೇ ಎಳೆ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮೌಂಟಿನ ಮೇಲೆ ಅಲುಗಾಡುತ್ತದೆ ಅಲ್ವಾ, ಆಗ ಆ ಎಳೆಗಳೂ ಬಿಡುತ್ತಿದ್ದವು. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ, ಬಾಡಿಗೆ ಅರ್ಥ್ ಆದ ಪಂಪಿಗೆ ವೋಲ್ಟೇಜ್ ಕುಸಿದು ಪಿಕಪ್ ಹೋಗುತ್ತಿತ್ತು.

25 ಚದರ ಮಿ.ಮೀ. ವೈರಿಗೆ ಹೊಸ ಲಗ್ ಒತ್ತಿ, ಬಾಡಿಯ ಮೇಲಿನ ಪೇಂಟ್ ಉಜ್ಜಿ ಬರೀ ಲೋಹ ಕಾಣುವಂತೆ ಮಾಡಿ ಬಿಗಿದೆ. ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಈಗ ಅದೇ ಜಾಗದಲ್ಲಿ 0.05 ವೋಲ್ಟ್.

ನಿಮ್ಮ ಗಾಡಿಯಲ್ಲಿ ಜಂಪರ್ ಕಟ್ಟಿದರೂ ಪಿಕಪ್ ಬಿದ್ದರೆ ಈ ವೈರ್ ಬಿಟ್ಟುಬಿಡಿ. ಪಂಪ್ ರಿಲೇ, ಪಂಪಿನ ಕನೆಕ್ಟರ್ ನೋಡಿ. ಅದನ್ನೂ ಎಂಜಿನ್ ಚಾಲೂ ಇಟ್ಟೇ ಅಳೆಯಿರಿ.